ಎರಡು ಕಡ್ಡಿ, ಒಂದೇ ಎಳೆ

ಸ್ವೆಟರ್ ಹೆಣೆಯುವವರನ್ನು ನೋಡುವಾಗ ನಮ್ಮ ಕಣ್ಣಿಗೆ ಬೀಳುವುದು ಕಡ್ಡಿಗಳ ಓಡಾಟ. ಜಾಣ್ಮೆಯಿರುವುದು ಉಲ್ಲನ್ ಎಳೆ ಸುತ್ತಿಕೊಂಡ ಬೆರಳಿನಲ್ಲಿ. ಎಳೆ ಬಿಗಿಯಾದರೆ ಕಡ್ಡಿಯ ಮೊನೆ ಕುಣಿಕೆಯೊಳಗೆ ನುಗ್ಗದು, ಸಡಿಲವಾದರೆ ಹೆಣಿಗೆ ಜೋಲುತ್ತದೆ; ನೂರಾರು ಕುಣಿಕೆಗಳುದ್ದಕ್ಕೂ ಆ ಬೆರಳು ಒಂದೇ ಹದ ಕಾಯುತ್ತದೆ. ಎರಡು ಸೀದಾ, ಎರಡು ಉಲ್ಟಾ ಹೆಣೆದ ಪಟ್ಟಿ ಎಳೆದರೆ ಹಿಗ್ಗಿ, ಬಿಟ್ಟರೆ ಮತ್ತೆ ಮಣಿಕಟ್ಟನ್ನು ಅಪ್ಪಿಕೊಳ್ಳುತ್ತದೆ. ರಬ್ಬರಿಲ್ಲದೆ, ಬರೀ ಕುಣಿಕೆಗಳ ದಿಕ್ಕು ಬದಲಿಸಿ ಪಡೆದ ಗುಣವಿದು. ಎಂಥ ಸೊಗಸು!

ಈ ಹದವೇ ಮನಸ್ಸಿಗೂ ಹಿತವೆಂದು ನಾನು ನಂಬುತ್ತೇನೆ. ಇಲ್ಲಿನ ಎಣಿಕೆ ಗಮನವನ್ನು ಹಿಡಿದಿಡುತ್ತದೆ, ದಣಿಸುವುದಿಲ್ಲ. ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ ನಿಯತಕಾಲಿಕವೊಂದು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಾನಾ ದೇಶಗಳ 3,545 ಹೆಣೆಯುವವರು ಉತ್ತರಿಸಿದ್ದರು. ಪದೇಪದೇ ಹೆಣೆಯುವುದಕ್ಕೂ ನೆಮ್ಮದಿಗೂ ಅದರಲ್ಲಿ ನಂಟು ಕಂಡಿತ್ತು. ಹೆಣಿಗೆಯನ್ನು ಪ್ರೀತಿಸುವವರನ್ನೇ ಕೇಳಿದರೆ ಬೇರೇನು ಹೇಳಿಯಾರು ಎಂಬ ಆಕ್ಷೇಪ ನ್ಯಾಯವಾದದ್ದೇ; ನಂಟು ಕಂಡ ಮಾತ್ರಕ್ಕೆ ಕಾರಣ ಸಾಬೀತಾಗದು. ಆದರೆ ಕೆಲಸದ ಸ್ವಭಾವವನ್ನೇ ನೋಡಿ. ತಪ್ಪಿದ ಸಾಲನ್ನು ಬಿಚ್ಚಿದರೆ ನೂಲು ಇಡಿಯಾಗಿ ಕೈಗೆ ಮರಳುತ್ತದೆ. ಕತ್ತರಿ ಬಿದ್ದ ಬಟ್ಟೆಗೆ ಆ ಭಾಗ್ಯವಿಲ್ಲ. ಕೆಡುವ ಭಯ ಇಷ್ಟು ಕಡಿಮೆಯಿರುವಲ್ಲಿ ಮನಸ್ಸು ನಿರಾಳವಾಗುವುದು ಸಹಜ. ಮಣಿಕಟ್ಟು ನೋಯುತ್ತದೆ ಎನ್ನುವವರ ಮಾತೂ ಸುಳ್ಳಲ್ಲ, ಬಿಡುವಿಲ್ಲದೆ ಹೆಣೆದರೆ ನೋವು ಬಂದೇ ಬರುತ್ತದೆ. ಅದಕ್ಕೆ ಕಸುಬಿನೊಳಗೇ ಉಪಾಯವಿದೆ: ನಡುವೆ ಬಾಗುವ ತಂತಿಯಿರುವ ಜೋಡಿ ಕಡ್ಡಿ ದೊಡ್ಡ ಹೆಣಿಗೆಯ ಭಾರವನ್ನು ಮಡಿಲಿಗೆ ಇಳಿಸುತ್ತದೆ, ಪ್ರತಿ ಸಾಲಿನ ಕೊನೆಯೂ ಬೆರಳು ಚಾಚಲು ಬಿಡುವು ಕೊಡುತ್ತದೆ.