ವಿಹಾರದ ಸಾಹಿತ್ಯ

ನಮ್ಮ ಪ್ರಾಚೀನ ಲಾಕ್ಷಣಿಕರು ಮಹಾಕಾವ್ಯಕ್ಕೆ ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನಕ್ರೀಡೆ, ಜಲಕ್ರೀಡೆಗಳಿಗೂ ಸ್ಥಾನವುಂಟು. ಆದುದರಿಂದ ವಿಹಾರವೆಂಬುದು ಸಾಹಿತ್ಯಕ್ಕೆ ನಿನ್ನೆ ಮೊನ್ನೆ ಬಂದ ವಸ್ತುವಲ್ಲ. ಕಾವ್ಯದ ನಾಯಕನು ವನಕ್ಕೆ ಹೊರಟನೆಂದರೆ ವಸಂತನೂ ಅವನೊಡನೆ ಹೊರಡುವನು. ಮಾವು ಚಿಗುರುವುದು, ಕೋಗಿಲೆ ಕೂಗುವುದು, ಪರಿವಾರದವರು ಹೂ ಕೊಯ್ಯುವರು. ಬಹುಮಟ್ಟಿಗೆ ಇದು ಕಟ್ಟಳೆಯ ವಿಹಾರ. ಒಂದು ಕಾವ್ಯದಿಂದ ಮತ್ತೊಂದಕ್ಕೆ ಹೋದರೂ ವಾಚಕನು ಅದೇ ತೋಟದಲ್ಲಿಯೇ ಇರುವನು.

ಕಟ್ಟಳೆಯನ್ನು ಮೀರಿದ ಪ್ರಸಂಗಗಳೂ ಇಲ್ಲದಿಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ, ಸುಭದ್ರೆಯನ್ನು ಕಂಡು ನಿದ್ರೆಗೆಟ್ಟ ಅರ್ಜುನನು ಇರುಳಿನಲ್ಲಿ ಗಣಿಕೆಯರ ಕೇರಿಯಲ್ಲಿ ತಿರುಗಾಡುವನು. ಕಥೆಯ ಮುನ್ನಡೆಗೆ ಈ ತಿರುಗಾಟದಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದರೂ ಹತ್ತನೆಯ ಶತಮಾನದ ಪಟ್ಟಣವೊಂದರ ಇರುಳಿನ ಬಾಳು, ಅಲ್ಲಿಯ ಮಾತು, ಜಗಳ, ಸರಸಗಳೆಲ್ಲ ಅದರಲ್ಲಿ ಉಳಿದುಬಂದಿವೆ. ಕಾಲು ಹೋದ ಕಡೆಗೆ ಕಣ್ಣನ್ನೂ ಕಿವಿಯನ್ನೂ ಬಿಟ್ಟ ಕವಿಯ ಲಾಭವಿದು. ಆದರೆ ಆ ವೀರನಿಗೆ ಹೊತ್ತಿನ ಹಂಗಿಲ್ಲ. ಮರುದಿನ ಬೆಳಗ್ಗೆ ಅವನು ಕಚೇರಿಗೆ ಹೋಗಬೇಕಾಗಿಲ್ಲ. ತಡವೇಕಾಯಿತೆಂದು ಬಾಗಿಲಲ್ಲಿ ಕೇಳುವವರೂ ಇಲ್ಲ.

ಇಪ್ಪತ್ತನೆಯ ಶತಮಾನದ ಗದ್ಯವು ತಂದ ಮುಖ್ಯವಾದ ವ್ಯತ್ಯಾಸವು ಇಲ್ಲಿಯೇ ಇರುವುದು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿಯೂ, ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿಯೂ ಪ್ರಕಟವಾದುವು. ಮೊದಲನೆಯದರಲ್ಲಿ ಕಾಡು ಮನೆಯ ಹಿತ್ತಲಿಗೇ ಬಂದು ನಿಂತಿದೆ. ಅಲ್ಲಿ ಹೊರಗೆ ಹೋಗುವುದೆಂದರೆ ಬಾಳಿನ ಒಳಗೇ ಇನ್ನಷ್ಟು ದೂರ ಹೋಗುವುದು. ಎರಡನೆಯದು ಪಟ್ಟಣದ, ಓದುಬರಹದ, ದಿನದ ಕೆಲಸಕ್ಕೆ ಒಳಪಟ್ಟ ಮನಸ್ಸಿನ ಸಂಚಾರ. ಹೆಸರೇ ಹೇಳುವಂತೆ, ಆ ಕನಸುಗಳು ಹಗಲಿನವು. ಅವುಗಳಿಗೆ ರಾತ್ರಿಯ ನಿದ್ರೆಯ ಸ್ವಾತಂತ್ರ್ಯವಿಲ್ಲ, ಯಾವ ಗಳಿಗೆಯಲ್ಲಿಯಾದರೂ ಯಾರಾದರೂ ಕೂಗಿ ಎಬ್ಬಿಸಬಹುದು. ಲಲಿತಪ್ರಬಂಧದ ರುಚಿಯೆಲ್ಲ ಈ ಅಪಾಯದಲ್ಲಿಯೇ ಅಡಗಿದೆ ಎಂದರೆ ತಪ್ಪಾಗದು. ಎರಡು ಕರ್ತವ್ಯಗಳ ನಡುವೆ ದೊರೆತ ಒಂದು ಗಂಟೆಯ ಬಿಡುವು ಅದರ ಬಂಡವಾಳ. ಆ ಗಂಟೆಗೆ ಅಂಚುಂಟೆಂಬುದನ್ನು ಮರೆಯದ ಲೇಖಕನ ಕೈಯಲ್ಲಿ ಕೆರೆಯ ಏರಿಯೂ ಕಡಲೆಕಾಯಿಯ ಪೊಟ್ಟಣವೂ ಅರ್ಥವನ್ನು ಪಡೆಯುವುವು. ಮರೆತವನ ಕೈಯಲ್ಲಿ ಹಿಮಾಲಯವೂ ಬರಿಯ ಪಟ್ಟಿಯಾಗುವುದು.

ಈ ಒರೆಗಲ್ಲಿನ ಮೇಲೆ ಚಲನಚಿತ್ರವನ್ನೂ ಪುಸ್ತಕದಂಗಡಿಯನ್ನೂ ಕುರಿತ ಬರಹಗಳನ್ನು ತಿಕ್ಕಿ ನೋಡಬಹುದು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ ತೆರೆ ಕಂಡುದು 1934ರಲ್ಲಿ. ಅಂದಿನಿಂದ ಚಿತ್ರದ ಕಥೆ, ನಟನೆ, ಸಂಗೀತಗಳ ವಿಮರ್ಶೆ ಸಾಕಷ್ಟು ಬೆಳೆದಿದೆ. ಚಿತ್ರಕ್ಕೆ ಹೋಗಿಬರುವುದೆಂಬ ಸಂಸಾರದ ಆ ಸಣ್ಣ ಸಾಹಸವು ಮಾತ್ರ ವಿಮರ್ಶಕರ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಮಧ್ಯಾಹ್ನವೇ ಅಡಿಗೆ ಮುಗಿಸುವುದು, ಅಳುವ ಮಗುವನ್ನು ಅಜ್ಜಿಯ ಬಳಿ ಬಿಡುವುದು, ಮರಳಿ ಬರುವಾಗ ದಾರಿಯುದ್ದಕ್ಕೂ ನಡೆಯುವ ವಾದವಿವಾದ, ಇವೆಲ್ಲ ಸೇರಿಯೇ ಆ ಚಿತ್ರ ಮನಸ್ಸಿನಲ್ಲಿ ನಿಲ್ಲುವುದು. ಈಗ ಚಿತ್ರವೇ ಮನೆಯೊಳಕ್ಕೆ ಬಂದಿರುವಾಗ, ಆ ದಾರಿಯ ಮಾತನ್ನು ಬರೆದಿಡುವ ಕೆಲಸ ಇನ್ನಷ್ಟು ಅವಶ್ಯಕವಾಗಿದೆ.

ಪುಸ್ತಕದಂಗಡಿಗಳ ವಿಷಯದಲ್ಲಿ ದೋಷವು ಬೇರೆ ಬಗೆಯದು. 1933ರಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಧಾರವಾಡದ ಮನೋಹರ ಗ್ರಂಥಮಾಲೆಯ ‘ಅಟ್ಟ’ವಾಗಲಿ, 1971ರಿಂದ 2009ರ ವರೆಗೆ ಬೆಂಗಳೂರಿನಲ್ಲಿ ಟಿ. ಎಸ್. ಶಾನಭಾಗರು ನಡೆಯಿಸಿದ ಪ್ರೀಮಿಯರ್ ಪುಸ್ತಕದಂಗಡಿಯಾಗಲಿ ಓದುಗರ ಪ್ರೀತಿಗೆ ಪಾತ್ರವಾದ ಸ್ಥಳಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂತಹ ಸ್ಥಳಗಳ ಸ್ಮರಣೆಯು ಅಲ್ಲಿಗೆ ಬರುತ್ತಿದ್ದ ದೊಡ್ಡವರ ನಾಮಾವಳಿಯಾಗಿಬಿಡುವುದುಂಟು. ಕಿಸೆಯಲ್ಲಿದ್ದ ಹಣವನ್ನು ಬೆರಳಿನಿಂದಲೇ ಎಣಿಸುತ್ತ, ಒಂದು ಪುಸ್ತಕವನ್ನು ಮೂರು ಸಲ ತೆಗೆದು ಮೂರು ಸಲ ಇಟ್ಟು, ಕಡೆಗೆ ಬರಿಗೈಯಲ್ಲಿ ಹೊರಟ ಶಾಲಾ ಉಪಾಧ್ಯಾಯನ ಸಂಜೆಯು ಆ ನಾಮಾವಳಿಯಲ್ಲಿ ಸೇರುವುದಿಲ್ಲ. ಅಂಗಡಿಯ ನಿಜವಾದ ಚರಿತ್ರೆಯ ಅರ್ಧಭಾಗವಾದರೂ ಅವನದಲ್ಲವೆ?

ಇದಕ್ಕಿಂತ ದೊಡ್ಡ ಕೊರತೆಯೊಂದುಂಟು. ಬಿಡುವಿನ ಅಂಚೇ ಪ್ರಬಂಧದ ಜೀವವೆಂದಾದರೆ, ಆ ಅಂಚನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಮನೆಯ ಹೆಂಗಸು. ಗಂಡಸಿನ ಸಂಜೆಯ ತಿರುಗಾಟಕ್ಕೆ ಕಾರಣ ಬೇಕಾಗಿರಲಿಲ್ಲ. ಹೆಂಗಸಿನ ತಿರುಗಾಟಕ್ಕೆ ದೇವಸ್ಥಾನವೋ ಅರಿಸಿನ ಕುಂಕುಮವೋ ಬಾಣಂತಿಯನ್ನು ನೋಡಿಬರುವುದೋ ಒಂದು ನೆಪ ಬೇಕಾಗಿತ್ತು. ನೆಪದ ಮರೆಯಲ್ಲಿ ಅವಳು ಎಷ್ಟು ಆಕಾಶವನ್ನು ಕಂಡಳು, ದಾರಿಯ ಯಾವ ತಿರುವಿನಲ್ಲಿ ಬೇಕೆಂದೇ ನಿಧಾನ ಮಾಡಿದಳು ಎಂಬುದನ್ನು ಹೇಳಬಲ್ಲವರು ಯಾರು? ನೇಮಿಚಂದ್ರರು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಪ್ರವಾಸಗ್ರಂಥವನ್ನು ಕೊಟ್ಟಿರುವರು. ಕನ್ನಡದ ಹೆಣ್ಣುಮಗಳು ಇಷ್ಟು ದೂರ ಹೋಗಿ ಬಂದು ಬರೆದುದು ಹೆಮ್ಮೆಯ ವಿಷಯವೇ ಸರಿ. ಆದರೆ ದೂರದ ಯಾತ್ರೆಗೆ ದೊರೆತ ಗೌರವವು ಬೀದಿಯ ಕೊನೆಯ ವರೆಗಿನ ಯಾತ್ರೆಗೆ ಇನ್ನೂ ಅಷ್ಟಾಗಿ ದೊರೆತಿಲ್ಲ. ಅದು ಬರೆಯತಕ್ಕ ವಿಷಯವೇ ಅಲ್ಲವೆಂಬ ಭಾವನೆ ಬರೆಯಬಲ್ಲವರ ಮನಸ್ಸಿನಲ್ಲಿಯೇ ಬೇರೂರಿರುವಂತೆ ಕಾಣುವುದು.

ವಿಹಾರದ ಬರಹವು ದೊಡ್ಡ ಸಾಹಿತ್ಯವಲ್ಲವೆಂದು ಆಕ್ಷೇಪಿಸುವವರಿರಬಹುದು. ಮಹಾಕಾವ್ಯದ ತೂಕ ಅದಕ್ಕಿಲ್ಲವೆಂಬುದು ನಿಜ. ಆದರೆ ಒಂದು ಜನಾಂಗವು ದುಡಿದುದನ್ನು ಲೆಕ್ಕದ ಪುಸ್ತಕವೂ, ಕಾದಾಡಿದುದನ್ನು ಶಾಸನವೂ ಹೇಳುವುವು; ದುಡಿಮೆ ಮುಗಿದ ಮೇಲೆ ಅದು ಯಾವ ಕಡೆಗೆ ನಡೆಯಿತು, ಯಾರನ್ನು ಜೊತೆಗೆ ಕರೆದೊಯ್ದಿತು, ಯಾರನ್ನು ಮನೆಯಲ್ಲಿಯೇ ಬಿಟ್ಟುಹೋಯಿತು ಎಂಬುದನ್ನು ಹೇಳುವ ಹೊಣೆ ಈ ಸಣ್ಣ ಪ್ರಬಂಧದ ಮೇಲೆಯೇ ಬಿದ್ದಿದೆ. ಮನೆಯಲ್ಲಿ ಉಳಿದವಳೇ ಲೇಖನಿಯನ್ನು ಹಿಡಿದು ತನ್ನ ಅರ್ಧ ಗಂಟೆಯ ಕಥೆಯನ್ನು ಬರೆದ ದಿನ ಆ ಹೊಣೆ ಪೂರ್ತಿಯಾಗಿ ತೀರುವುದು.