ಲೆಕ್ಕ ಇಡುವ ಆಶ್ರಯ

ಚಾರ್ಲ್ಸ್ ಡಿಕನ್ಸ್‌ನ ‘ಎ ಟೇಲ್ ಆಫ್ ಟು ಸಿಟೀಸ್’ (1859) ಅಂದಕೂಡಲೇ ಗಿಲೊಟಿನ್ ನೆನಪಾಗುತ್ತದೆ, ಪ್ರೀತಿಗಾಗಿ ತಲೆ ಕೊಟ್ಟ ಸಿಡ್ನಿ ಕಾರ್ಟನ್ ನೆನಪಾಗುತ್ತಾನೆ. ಕಾಲೇಜಿನಲ್ಲಿ ಮೇಷ್ಟ್ರು ಒತ್ತಿ ಹೇಳುವುದೂ ಅದನ್ನೇ. ಊರು ಬಿಟ್ಟು ಬಂದವರು ಇದನ್ನು ಮತ್ತೊಮ್ಮೆ ಓದಿದರೆ ಕಣ್ಣು ನಿಲ್ಲುವುದು ಬೇರೊಂದು ಕಡೆ. ಅದು ಪ್ಯಾರಿಸ್ಸಿನ ಬಡವರ ಕೇರಿ ಸೇಂಟ್ ಆಂಟ್ವಾನ್‌ನಲ್ಲಿ ದೆಫಾರ್ಜ್ ದಂಪತಿ ನಡೆಸುವ ವೈನ್ ಅಂಗಡಿ.

ಕೆಳಗೆ ವ್ಯಾಪಾರ, ಅದೇ ವಠಾರದ ತುತ್ತತುದಿಯಲ್ಲಿ ಒಂದು ಕತ್ತಲೆ ಕೋಣೆ. ಬಾಸ್ಟಿಲ್ ಸೆರೆಮನೆಯಲ್ಲಿ 18 ವರ್ಷ ಕಳೆದು, ಬುದ್ಧಿ ಸ್ಥಿಮಿತ ತಪ್ಪಿ, ಚಪ್ಪಲಿ ಹೊಲೆಯುತ್ತ ಕೂತ ಡಾಕ್ಟರ್ ಮ್ಯಾನೆಟ್‌ಗೆ ಅಲ್ಲಿ ಆಶ್ರಯ. ದೆಫಾರ್ಜ್ ಒಂದು ಕಾಲಕ್ಕೆ ಅವನ ಮನೆಯ ಆಳು. ಹಳೆಯ ಧಣಿಗೆ ಅನ್ನ, ನೆರಳು ಕೊಟ್ಟ, ನಿಜ. ಆದರೆ ಕ್ರಾಂತಿಯ ಗುಟ್ಟು ಬಲ್ಲ ಗೆಳೆಯರನ್ನು ಕರೆತಂದು, ಗೋಡೆಯ ಸಂದಿಯಿಂದ ಆ ಹುಚ್ಚು ಮುದುಕನನ್ನು ತೋರಿಸಿದ್ದೂ ಅವನೇ. ನೋಡಿದವರ ಸಿಟ್ಟು ಏರಲಿ ಅಂತ! ಕನಿಕರ ಸುಳ್ಳಲ್ಲ, ಉಪಯೋಗವೂ ಸುಳ್ಳಲ್ಲ. ಎರಡನ್ನೂ ಒಂದೇ ಸೂರಿನಡಿ ಇಟ್ಟದ್ದು ಡಿಕನ್ಸ್‌ನ ದೊಡ್ಡಸ್ತಿಕೆ.

ಆ ಮನೆ ಏನನ್ನೂ ಮರೆಯುವುದಿಲ್ಲ. ಗಲ್ಲಾದ ಬಳಿ ಕೂತ ಮದಾಮ್ ದೆಫಾರ್ಜ್ ಶತ್ರುಗಳ ಹೆಸರುಗಳನ್ನು ಹೆಣಿಗೆಯಲ್ಲಿ ಹೆಣೆಯುತ್ತಾಳೆ. 1789ರ ಜುಲೈ 14ರಂದು ಬಾಸ್ಟಿಲ್ ಬಿದ್ದಾಗ ಅವಳ ಗಂಡ ಡಾಕ್ಟರ ಹಳೆಯ ಕೋಣೆ ಹುಡುಕುತ್ತಾನೆ. ಅಲ್ಲಿನ ಚಿಮಣಿಯಲ್ಲಿ ಬಚ್ಚಿಟ್ಟಿದ್ದ ಬರಹವೇ ಮುಂದೆ ಡಾಕ್ಟರ ಅಳಿಯ ಚಾರ್ಲ್ಸ್ ಡಾರ್ನೆಗೆ ಮರಣದಂಡನೆ ತರುತ್ತದೆ. ಒಂದು ಕಾಲಕ್ಕೆ ಮಾವನಿಗೆ ನೆರಳಾದ ಮನೆಯೇ ಅಳಿಯನ ಮೇಲೆ ದೂರು ಕೊಡುತ್ತದೆ.

ಈ ಡಾರ್ನೆಯ ಪಾಡು ನೋಡಿ. ತನ್ನ ಜಮೀನ್ದಾರಿ ವಂಶದ ಕ್ರೌರ್ಯಕ್ಕೆ ಹೇಸಿ, ಆಸ್ತಿ ತೊರೆದು ಲಂಡನ್ನಿಗೆ ಬಂದವನು. ಅಲ್ಲಿ ಫ್ರೆಂಚ್ ಭಾಷೆ, ಸಾಹಿತ್ಯ ಕಲಿಸಿ ಹೊಟ್ಟೆ ಹೊರೆಯುತ್ತಾನೆ. ಸೆರೆಸಿಕ್ಕ ಹಳೆಯ ನೌಕರನನ್ನು ಬಿಡಿಸಲು 1792ರಲ್ಲಿ ಊರಿಗೆ ಹೊರಟರೆ, ಅವನ ಮೇಲಿನ ಮೊದಲ ಆರೋಪವೇ ‘ದೇಶ ಬಿಟ್ಟು ಹೋದವನು’! ಯಾಕೆ ಬಿಟ್ಟ ಅಂತ ಕೇಳುವ ವ್ಯವಧಾನ ಯಾರಿಗಿದೆ? ಊರಿಗೆ ಹೋದಾಗ ‘ನೀವೆಲ್ಲ ಬಿಟ್ಟು ಹೋದವರು ಬಿಡ್ರೀ’ ಅನ್ನಿಸಿಕೊಂಡ ಮುಂಬಯಿ, ಪುಣೆಯ ಕನ್ನಡಿಗರಿಗೆ ಆ ಮಾತು ಚುಚ್ಚದಿರದು. ನಮ್ಮ ತಲೆ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ತಕರಾರು ಇರುವುದು ಮದಾಮ್ ದೆಫಾರ್ಜ್ ವಿಷಯದಲ್ಲಿ. ಡಾರ್ನೆಯ ಅಪ್ಪ, ಚಿಕ್ಕಪ್ಪಂದಿರಿಂದ ಮನೆಮಂದಿಯನ್ನೆಲ್ಲ ಕಳೆದುಕೊಂಡವಳು ಅವಳು. ಅವಳನ್ನು ಅಣ್ಣ ಎಲ್ಲೋ ದೂರ ಅಡಗಿಸಿಟ್ಟ. ಕಡಲತೀರದ ಬೆಸ್ತರ ನಡುವೆ ಬೆಳೆದಳು. ಅಂದರೆ ಈ ಕತೆಯಲ್ಲಿ ಪರರ ಮನೆಯಲ್ಲಿ ಜೀವ ಉಳಿಸಿಕೊಂಡ ಮೊದಲಿಗಳೇ ಅವಳು! ಡಿಕನ್ಸ್ ಇದನ್ನು ಹೇಳುತ್ತಾನೆ, ಆದರೆ ತಡವಾಗಿ ಹೇಳುತ್ತಾನೆ. ಕೂಡಲೇ ಅವಳನ್ನು ಹೆಣ್ಣುಹುಲಿ ಮಾಡಿಬಿಡುತ್ತಾನೆ. ಬೆಸ್ತರ ಗುಡಿಸಲಲ್ಲಿ ಆ ಹುಡುಗಿ ಕಳೆದ ವರ್ಷಗಳಿಗೆ ಒಂದು ಅಧ್ಯಾಯವೂ ಇಲ್ಲ.

ಲಂಡನ್ ಅಂದರೆ ನೆಮ್ಮದಿ, ಪ್ಯಾರಿಸ್ ಅಂದರೆ ರಕ್ತ ಎಂಬ ವಿಂಗಡಣೆಯನ್ನೂ ಒಪ್ಪಲಾಗದು. ಹಾಗಲ್ಲವೆಂದು ಡಿಕನ್ಸ್‌ಗೇ ಗೊತ್ತಿತ್ತು. ‘ಬಾರ್ನಬಿ ರಜ್’ (1841) ಕಾದಂಬರಿಯಲ್ಲಿ 1780ರ ಲಂಡನ್ ದಂಗೆಯನ್ನು ಅವನೇ ಬರೆದಿದ್ದ. ಅಲ್ಲಿ ಕ್ಯಾಥೊಲಿಕ್ಕರನ್ನು ಬೆನ್ನಟ್ಟುವ ಗುಂಪು ಒಬ್ಬ ಮದ್ಯವ್ಯಾಪಾರಿಯ ಮನೆಗೆ ಬೆಂಕಿ ಇಡುತ್ತದೆ. ವ್ಯಾಪಾರಿಯೂ ಅವನಲ್ಲಿ ಆಶ್ರಯ ಪಡೆದವನೂ ಮದ್ಯದ ನೆಲಮಾಳಿಗೆಯ ದಾರಿಯಾಗಿ ಪಾರಾಗುತ್ತಾರೆ. ಬೀದಿಯಲ್ಲಿ ಉರಿಯುವ ಮದ್ಯ ಕುಡಿದು ಜನ ಸಾಯುತ್ತಾರೆ. ಪ್ಯಾರಿಸ್ಸಿನ ಕಾದಂಬರಿಯಲ್ಲೂ ಪೀಪಾಯಿ ಒಡೆದು ವೈನ್ ಚೆಲ್ಲುತ್ತದೆ, ಆದರೆ ಅಲ್ಲಿ ನೆಲಕ್ಕೆ ಬಗ್ಗಿ ನೆಕ್ಕಿಸುವುದು ಹಸಿವು. ಎರಡನ್ನೂ ಜೊತೆಗಿಟ್ಟು ಓದಿದರೆ ಲಂಡನ್ನಿನ ನೆಮ್ಮದಿ ಅಷ್ಟು ಗಟ್ಟಿಯಲ್ಲ ಎಂದು ತಿಳಿಯುತ್ತದೆ.

ಕೊನೆಗೆ ಇಂಗ್ಲಿಷ್ ದಾದಿ ಮಿಸ್ ಪ್ರಾಸ್ ಮತ್ತು ಮದಾಮ್ ಎದುರುಬದುರಾಗುತ್ತಾರೆ. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು, ಹಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ತೆಕ್ಕೆಹಿಡಿದು ಸೆಣಸುವಾಗ ಪಿಸ್ತೂಲು ಹಾರಿ ಮದಾಮ್ ಸಾಯುತ್ತಾಳೆ, ಮಿಸ್ ಪ್ರಾಸ್‌ಗೆ ಕಿವಿ ಶಾಶ್ವತವಾಗಿ ಹೋಗುತ್ತದೆ. ಕಾರ್ಟನ್‌ನ ತ್ಯಾಗಕ್ಕಿಂತ ಈ ದೃಶ್ಯವೇ ನನಗೆ ಹೆಚ್ಚು ನಿಜ ಅನಿಸಿದ್ದು. ಓದುವುದಾದರೆ ಕೊನೆಯ ಪುಟಕ್ಕೆ ಓಡಬೇಡಿ. ಮೂರನೆಯ ಭಾಗದ ಹತ್ತನೆಯ ಅಧ್ಯಾಯದಲ್ಲಿರುವ ಡಾಕ್ಟರ ಬರಹವನ್ನು ನಿಧಾನವಾಗಿ ಓದಿ. ಆಮೇಲೆ ವೈನ್ ಅಂಗಡಿಗೆ ವಾಪಸು ಬಂದರೆ, ಮದಾಮ್ ಯಾಕೆ ಹೆಣಿಗೆ ನಿಲ್ಲಿಸಲಿಲ್ಲ ಎಂಬುದು ಅರ್ಥವಾಗುತ್ತದೆ.