ಬಾಗಿಲಿಗೆ ಹೊರಿಸಿದ ದೂರು

ನಮ್ಮ ಭೀಮಸಮುದ್ರದ ಮನೆಗಳಲ್ಲಿ ಈಗ ಹೊಸ್ತಿಲಿಗೆ ಅರಿಶಿನ ಕುಂಕುಮವೂ ಇದೆ, ಒಳಗೆ ಲಾಫಿಂಗ್ ಬುದ್ಧನೂ ಕೂತಿದ್ದಾನೆ. ಎರಡೂ ಶಾಂತಿ, ಸಮೃದ್ಧಿಗೆಂದೇ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ.

ಫೆಂಗ್ ಶೂಯಿ ಎಂದರೆ ಚೀನೀ ಭಾಷೆಯಲ್ಲಿ ‘ಗಾಳಿ, ನೀರು’. ಉತ್ತರದ ಚಳಿಗಾಳಿಗೆ ಬೆನ್ನು ಕೊಟ್ಟು ಬಿಸಿಲಿಗೆ ಮುಖ ಮಾಡುವುದು ಅಲ್ಲಿನ ಕ್ರಮ. ಅವರಿಗೆ ದಕ್ಷಿಣದ ಬಾಗಿಲು ಶುಭ. ನಮ್ಮ ವಾಸ್ತುವಿಗೆ ದಕ್ಷಿಣ ಯಮನ ದಿಕ್ಕು. ಎರಡೂ ಶಾಸ್ತ್ರ ಕೇಳಿದವನು ಬಾಗಿಲು ಎಲ್ಲಿಡಬೇಕು? ಒಂದು ನೆಲದ ಹವೆಗೆ ಹುಟ್ಟಿದ ತಿಳಿವಳಿಕೆ ಅಂಗಡಿಯಲ್ಲಿ ಸಿಗುವುದಿಲ್ಲ.

ನಾನು ಪೂಜೆ ಬಿಟ್ಟವಳಲ್ಲ. ಹೊಸ್ತಿಲು ಸಾರಿಸಿ ರಂಗೋಲಿ ಇಟ್ಟರೆ ಮನೆ ಚೊಕ್ಕಟವಾಗುತ್ತದೆ. ತುಂಬಿದ ಕೆರೆಗೆ ಬಾಗಿನ ಬಿಟ್ಟವರಿಗೆ ತೋಟದ ನೀರಿನ ಋಣ ನೆನಪಿರುತ್ತದೆ. ಆದರೆ ಈ ದುಡಿಮೆಯೆಲ್ಲ ಹೆಂಗಸಿನದು. ಮನೆ ಸೋತರೆ ‘ಸೊಸೆಯ ಕಾಲ್ಗುಣ’ ಎಂಬ ದೂರೂ ಅವಳಿಗೇ. ಈಗ ಆ ದೂರು ಬಾಗಿಲಿನ ಮೇಲೆ ಬಿತ್ತಲ್ಲ ಎಂದು ಸಮಾಧಾನಪಡೋಣವೆಂದರೆ, ಬಾಗಿಲು ಒಡೆಸಲು ಅಡವಿಡುವುದು ಅವಳ ಬಳೆಯನ್ನೇ.

ಸಾಲ, ಕುಡಿತ, ಮಾತು ಬಿಟ್ಟ ಅಣ್ಣತಮ್ಮಂದಿರು, ಇವು ಯಾವ ದಿಕ್ಕಿನಿಂದಲೂ ಬಂದವಲ್ಲ. ಹೊಸ್ತಿಲಿಗೆ ಕೈಮುಗಿಯೋಣ. ಅಡಿಕೆ ಮಾರಿದ ದುಡ್ಡಿನ ಲೆಕ್ಕಕ್ಕೆ ಮನೆಯ ಹೆಣ್ಣುಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳೋಣ.